ಅವಮಾನಕ್ಕೆ ಹೆಸರಿಟ್ಟವರು ಯಾರು?

ಜಪಾನಿನಲ್ಲಿ ಒಂದು ಪದವಿದೆ: ‘ಸೆಕುಹರ’. ಅದು ಜಪಾನೀ ಬೇರಿನ ಪದವಲ್ಲ. ಇಂಗ್ಲಿಷಿನ ‘ಸೆಕ್ಷುಯಲ್ ಹರಾಸ್‌ಮೆಂಟ್’ ಎಂಬುದನ್ನು ಜಪಾನೀಯರ ನಾಲಿಗೆ ಮೊದಲು ‘ಸೆಕುಶುಆರು ಹರಸುಮೆಂತೊ’ ಎಂದು ಉದ್ದ ಎಳೆಯಿತು. ಆಮೇಲೆ ಎರಡು ಪದಗಳ ತಲೆಯನ್ನಷ್ಟೇ ಕತ್ತರಿಸಿ ಜೋಡಿಸಿಕೊಂಡಿತು. ಪರ್ಸನಲ್ ಕಂಪ್ಯೂಟರನ್ನು ಅವರು ‘ಪಸೊಕೊನ್’ ಮಾಡಿಕೊಂಡದ್ದು, ರಿಮೋಟ್ ಕಂಟ್ರೋಲನ್ನು ‘ರಿಮೊಕೊನ್’ ಮಾಡಿಕೊಂಡದ್ದು ಇದೇ ರೀತಿಯಲ್ಲಿ. ಇವತ್ತು ಅಲ್ಲಿನ ಕಚೇರಿಯಲ್ಲಿ, ಕಾರ್ಖಾನೆಯಲ್ಲಿ, ಶಾಲೆಯಲ್ಲಿ ಈ ಪದ ಗೊತ್ತಿಲ್ಲದವರು ಸಿಗುವುದು ಕಷ್ಟ.

ಜಪಾನಿನ ಒಂದು ಪದದ ಹುಟ್ಟು ಹುಡುಕಿಕೊಂಡು ಹೋಗುವ ಕೆಲಸ ನಮಗೇಕೆ ಬೇಕು? ಅದೇನಿದ್ದರೂ ಭಾಷಾಶಾಸ್ತ್ರದ ಪಂಡಿತರದ್ದು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ಪದದ ಬೆನ್ನಿಗೆ ಒಂದು ನೀತಿಯ ಪ್ರಶ್ನೆ ಅಂಟಿಕೊಂಡಿದೆ. ಅದು ಜಪಾನಿಗೆ ಎಷ್ಟು ಸೇರಿದ್ದೋ ನಮಗೂ ಅಷ್ಟೇ ಸೇರಿದ್ದು. ಒಂದು ಅನ್ಯಾಯಕ್ಕೆ ಹೆಸರೇ ಇಲ್ಲದಿರುವಾಗ ಅದನ್ನು ಅನುಭವಿಸುವವರು ಯಾರ ಮುಂದೆ, ಏನಂತ ಹೇಳಬೇಕು? ಹೆಸರಿಡುವ ಹಕ್ಕು ಯಾರದು? ನಮ್ಮ ನೋವಿನ ಹೆಸರನ್ನು ಬೇರೆಯವರ ಭಾಷೆಯಿಂದ ತಂದರೆ ಆ ನೋವು ಕಡ ತಂದ ನೋವಾಗಿಬಿಡುತ್ತದೆಯೆ?

ಮೊದಲು ಕೊನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಯಾಕೆಂದರೆ ಹೆಂಗಸರು, ಕೂಲಿಗಳು, ಕೆಳಜಾತಿಯವರು ತಮ್ಮ ಹಕ್ಕಿನ ಮಾತಾಡಿದ ಕೂಡಲೆ ಮೇಲಿನವರ ಬಾಯಲ್ಲಿ ಬರುವ ಮೊದಲ ಮಾತು ಇದು: “ಇದೆಲ್ಲ ಪರದೇಶದ ಸರಕು. ನಮ್ಮ ಸಂಸ್ಕೃತಿಯಲ್ಲಿ ಇಂಥದ್ದೆಲ್ಲ ಇರಲಿಲ್ಲ.” ಇರಲಿಲ್ಲ ಎನ್ನುವುದು ಯಾವುದು, ಅನ್ಯಾಯವೋ ಅದರ ಹೆಸರೋ? ಇದನ್ನು ಮಾತ್ರ ಅವರು ಬಿಡಿಸಿ ಹೇಳುವುದಿಲ್ಲ.

ಜಪಾನಿನಲ್ಲಿ ಪರಭಾಷೆಯ ಪದಗಳ ಮೇಲೆ ಯುದ್ಧ ಸಾರಿದವರು ಯಾರು ಎಂದು ನೋಡಿದರೆ ಈ ಮಾತಿನ ಬಣ್ಣ ಬಯಲಾಗುತ್ತದೆ. ಇಂಗ್ಲಿಷಿನ ‘ಸ್ಟ್ರೈಕ್’ ಎಂಬ ಒಂದೇ ಪದ ಜಪಾನಿಗೆ ಎರಡಾಗಿ ಹೋಗಿದೆ. ಬೇಸ್‌ಬಾಲ್ ಆಟದಲ್ಲಿ ಅದು ‘ಸುಟೊರೈಕು’. ಕಾರ್ಮಿಕರು ಕೆಲಸ ನಿಲ್ಲಿಸಿದರೆ ಅದು ‘ಸುಟೊರೈಕಿ’. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲಿಷ್ ಶತ್ರುವಿನ ಭಾಷೆಯೆಂದು ಎಲ್ಲ ಕಡೆ ಅದನ್ನು ಒರೆಸತೊಡಗಿದರು. 1943ರಲ್ಲಿ ಬೇಸ್‌ಬಾಲ್ ಮೈದಾನದಲ್ಲಿ ‘ಸುಟೊರೈಕು’ ಎನ್ನುವ ಬದಲು ‘ಯೋಶಿ’ ಎಂದು ಕೂಗಬೇಕಾಯಿತು. ‘ಯೋಶಿ’ ಎಂದರೆ ‘ಸರಿ’, ‘ಭೇಷ್’. ಆದರೆ ಅದಕ್ಕೂ ಮೊದಲೇ, 1940ರಲ್ಲಿ, ಕಾರ್ಮಿಕ ಸಂಘಗಳನ್ನೆಲ್ಲ ಕರಗಿಸಿ ಕಾರ್ಮಿಕರನ್ನು ದೇಶಭಕ್ತಿಯ ಹೆಸರಿನ ಸರ್ಕಾರಿ ಕೂಟದೊಳಗೆ ತುಂಬಿಯಾಗಿತ್ತು. ಆಟದ ಸ್ಟ್ರೈಕಿಗೆ ಅಚ್ಚ ಜಪಾನೀ ಪದ ಹುಡುಕಿದವರ ಆಳ್ವಿಕೆಯಲ್ಲಿ ಕೂಲಿಕಾರನ ಸ್ಟ್ರೈಕಿಗೆ ಪದವೂ ಬೇಕಿರಲಿಲ್ಲ, ಜಾಗವೂ ಇರಲಿಲ್ಲ. ಭಾಷೆಯ ಮಡಿ ಮಾಡುವವರು ಸಾಮಾನ್ಯವಾಗಿ ಬೇರೆ ಮಡಿಗಳನ್ನೂ ಮಾಡುತ್ತಾರೆ. ಇದು ನಮಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಇನ್ನು ಇಂಗ್ಲಿಷಿನವರ ‘ಹರಾಸ್’ ಆದರೂ ಅವರ ಮನೆಯದೆ? ಅದು ಫ್ರೆಂಚಿನಿಂದ ಬಂದದ್ದು. ದಣಿಸು, ಸುಸ್ತು ಹೊಡೆಸು ಎಂದು ಅದರ ಅರ್ಥ. ದಂಡಿನವರು ಮೇಲಿಂದ ಮೇಲೆ ಬಿದ್ದು ಎದುರಾಳಿಗೆ ಉಸಿರಾಡಲು ಬಿಡದೆ ಕಾಡುವುದಕ್ಕೆ ಆ ಪದ ಬಳಕೆಯಾಗುತ್ತಿತ್ತು. ಆ ಅರ್ಥದಲ್ಲಿ ನೋಡಿದರೆ ಪದ ಸರಿಯಾದ ಕಡೆಗೇ ಬಂದು ನಿಂತಿದೆ. ಒಂದು ದಿನದ ಒಂದು ಮಾತಲ್ಲ, ದಿನಾ ಬೆಳಗಾದರೆ ಅದೇ ಕಣ್ಣು, ಅದೇ ಮಾತು, ಅದೇ ಕೈ. ದಣಿಯುವವರೆಗೆ, ಕೆಲಸ ಬಿಟ್ಟು ಓಡುವವರೆಗೆ.

ಆದರೆ ಆ ಹಳೆಯ ಪದವನ್ನು ಎತ್ತಿ ಈ ಅನ್ಯಾಯದ ಮೇಲೆ ಇಟ್ಟವರು ಯಾರು? ನಿಘಂಟು ಬರೆದವರಲ್ಲ, ನ್ಯಾಯಾಧೀಶರೂ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇಥಾಕ ಎಂಬ ಊರಿದೆ. ಅಲ್ಲಿನ ಕಾರ್ನೆಲ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನದ ಪ್ರಯೋಗಾಲಯದ ಕಚೇರಿಯಲ್ಲಿ ಕಾರ್ಮಿಟಾ ವುಡ್ ಎಂಬ ಹೆಂಗಸು ಕೆಲಸ ಮಾಡುತ್ತಿದ್ದಳು. ಮಕ್ಕಳ ತಾಯಿ. ಅಲ್ಲಿನ ಒಬ್ಬ ದೊಡ್ಡ ಪ್ರೊಫೆಸರನ ಕಾಟ ತಾಳಲಾರದೆ ಅವಳ ಮೈಗೇ ನೋವು ಹತ್ತಿಕೊಂಡಿತು. ಬೇರೆ ವಿಭಾಗಕ್ಕೆ ವರ್ಗ ಕೇಳಿದಳು, ಕೊಡಲಿಲ್ಲ. 1974ರಲ್ಲಿ ಕೆಲಸ ಬಿಟ್ಟಳು. ಕೆಲಸ ಕಳೆದುಕೊಂಡವರಿಗೆ ಸರ್ಕಾರ ಕೊಡುವ ಭತ್ಯೆಗೆ ಅರ್ಜಿ ಹಾಕಿದಾಗ ಅದರಲ್ಲಿ ಒಂದು ಪ್ರಶ್ನೆಯಿತ್ತು: ಕೆಲಸ ಬಿಟ್ಟ ಕಾರಣ ಏನು? ಅವಳು ಏನಂತ ಬರೆಯಬೇಕು? ‘ವೈಯಕ್ತಿಕ ಕಾರಣ’ ಎಂದಳು. ವೈಯಕ್ತಿಕ ಕಾರಣವಾದರೆ ಭತ್ಯೆ ಇಲ್ಲ ಎಂದು ಅರ್ಜಿಯನ್ನು ತಳ್ಳಿಹಾಕಿದರು.

ಅವಳು ಅದೇ ವಿಶ್ವವಿದ್ಯಾನಿಲಯದಲ್ಲಿ ಹೆಣ್ಣು ಮತ್ತು ದುಡಿಮೆಯ ಬಗ್ಗೆ ಪಾಠ ಮಾಡುತ್ತಿದ್ದ ಲಿನ್ ಫಾರ್ಲಿಯ ಹತ್ತಿರ ಹೋದಳು. ಫಾರ್ಲಿ ಮತ್ತವಳ ಸಂಗಾತಿಗಳು ಕೂತು ಮಾತಾಡಿದಾಗ ಕೂತವರೆಲ್ಲರಿಗೂ ಇಂಥದೇ ಒಂದು ಕತೆ ಇತ್ತು. ಊರಿನಲ್ಲಿ ಒಂದು ಬಹಿರಂಗ ಸಭೆ ಕರೆಯಬೇಕು, ಭಿತ್ತಿಪತ್ರ ಬರೆಯಬೇಕು, ಅದರ ಮೇಲೆ ಏನಂತ ಬರೆಯುವುದು? ಬಲವಂತ ಎನ್ನೋಣವೆ, ಬೆದರಿಕೆ ಎನ್ನೋಣವೆ, ಶೋಷಣೆ ಎನ್ನೋಣವೆ ಎಂದು ಒಂದೊಂದೇ ಪದ ಎತ್ತಿ ನೋಡಿದರು. ಒಂದೊಂದರಲ್ಲೂ ಏನೋ ಒಂದು ಹೊರಗುಳಿಯುತ್ತಿತ್ತು. ಬಾಯಿಂದ ಆಡಿದ್ದು, ಕಣ್ಣಿಂದ ಮಾಡಿದ್ದು, ಕೈಯಿಂದ ಮಾಡಿದ್ದು ಎಲ್ಲವೂ ಹಿಡಿಯಬೇಕು. ಕೊನೆಗೆ ‘ಸೆಕ್ಷುಯಲ್ ಹರಾಸ್‌ಮೆಂಟ್’ ಎಂಬಲ್ಲಿಗೆ ಬಂದು ನಿಂತರು. 1975ರ ಮೇ ತಿಂಗಳಲ್ಲಿ ಇಥಾಕದಲ್ಲಿ ಸಭೆ ನಡೆಯಿತು. ಹೆಂಗಸರು ಎದ್ದು ನಿಂತು ತಮಗಾದದ್ದನ್ನು ಹೇಳಿದರು.

ಆ ಪದವನ್ನು ನ್ಯಾಯಾಲಯದ ಬಾಗಿಲಿಗೆ ಹೊತ್ತುಕೊಂಡು ಹೋದವರಲ್ಲಿ ಮುಂದೆ ಇದ್ದವರು ಕಪ್ಪು ಹೆಂಗಸರು. 1976ರಲ್ಲಿ ಡಯಾನ್ ವಿಲಿಯಮ್ಸ್, 1977ರಲ್ಲಿ ಪಾಲೆಟ್ ಬಾರ್ನ್ಸ್, 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮಿಷೆಲ್ ವಿನ್ಸನ್, ಮೂವರೂ ಕಪ್ಪು ಜನಾಂಗದವರು. ಇದು ಆಕಸ್ಮಿಕ ಎಂದು ನಮಗೆ ಅನ್ನಿಸುವುದಿಲ್ಲ. ಯಜಮಾನ ಹೆಣ್ಣಾಳಿನ ಮೈಯನ್ನು ತನ್ನ ಸ್ವತ್ತು ಎಂದುಕೊಳ್ಳುವುದು ಏನು ಎಂಬುದು ಗುಲಾಮಗಿರಿಯ ಕಾಲದಿಂದಲೂ ಅವರ ಮನೆಯ ಅಜ್ಜಿಯರಿಗೆ ಗೊತ್ತಿತ್ತು. ಅವರಿಗೆ ಅದನ್ನು ಪುಸ್ತಕ ಕಲಿಸಬೇಕಿರಲಿಲ್ಲ.

ಇಲ್ಲಿ ಒಂದು ವಾದಕ್ಕೆ ಉತ್ತರ ಕೊಡಬೇಕು. ಮಿರಾಂಡ ಫ್ರಿಕರ್ ಎಂಬ ತತ್ತ್ವಶಾಸ್ತ್ರಜ್ಞೆ 2007ರಲ್ಲಿ ಬರೆದ ಪುಸ್ತಕದಲ್ಲಿ ಕಾರ್ಮಿಟಾ ವುಡ್‌ಳ ಕತೆಯನ್ನೇ ಎತ್ತಿಕೊಂಡಿದ್ದಾರೆ. ತಮ್ಮ ಅನುಭವವನ್ನು ಅರ್ಥ ಮಾಡಿಕೊಳ್ಳುವ ಪದವೇ ಸಮಾಜದ ದಾಸ್ತಾನಿನಲ್ಲಿ ಇಲ್ಲದಿದ್ದರೆ ಅದು ಸಹ ಒಂದು ಅನ್ಯಾಯ, ತಿಳಿವಳಿಕೆಯ ಮಟ್ಟದಲ್ಲಿ ನಡೆಯುವ ಅನ್ಯಾಯ ಎನ್ನುವುದು ಅವರ ವಿಚಾರ. ದೊಡ್ಡ ವಿಚಾರ, ಒಪ್ಪುತ್ತೇವೆ. ಆದರೆ ಇದನ್ನು ಕೇಳಿದವರು ಅವಸರದಲ್ಲಿ ಇನ್ನೊಂದು ತೀರ್ಮಾನಕ್ಕೆ ಹಾರಿಬಿಡುತ್ತಾರೆ: ಪದ ಹುಟ್ಟುವವರೆಗೂ ಆ ಹೆಂಗಸರಿಗೆ ತಮಗೇನಾಗುತ್ತಿದೆ ಅಂತಲೇ ಗೊತ್ತಿರಲಿಲ್ಲ ಎಂದು. ಹಂಗಲ್ಲ. ಕಾರ್ಮಿಟಾ ವುಡ್‌ಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವಳು ಆ ಮನುಷ್ಯ ಬರುವ ದಾರಿ ಬಿಟ್ಟು ನಡೆದಳು, ವರ್ಗ ಕೇಳಿದಳು, ಕೆಲಸ ಬಿಟ್ಟಳು. ಗೊತ್ತಿಲ್ಲದೆ ಇದ್ದದ್ದು ಅರ್ಜಿ ಓದಿದ ಅಧಿಕಾರಿಗೆ. ಇಲ್ಲ, ಅವನಿಗೂ ಗೊತ್ತಿತ್ತೇನೋ, ಗೊತ್ತು ಎಂದು ಒಪ್ಪಿಕೊಳ್ಳಬೇಕಾದ ಅಗತ್ಯ ಇರಲಿಲ್ಲ. ಹೆಸರು ಬಂದ ಮೇಲೆ ಆ ಅಗತ್ಯ ಹುಟ್ಟಿತು. ನೊಂದವರಿಗೆ ಹೆಸರು ಕೊಡುವುದು ಅರಿವನ್ನಲ್ಲ, ಸಾಕ್ಷಿಯನ್ನು. ಹತ್ತು ಜನ ಬೇರೆ ಬೇರೆಯಾಗಿ ಅನುಭವಿಸಿದ್ದು ಒಂದೇ ಎಂದು ತೋರಿಸುವ ಸಾಕ್ಷಿ.

ಈಗ ಜಪಾನಿಗೆ ಬರೋಣ. ಅಲ್ಲಿ ಈ ಅನ್ಯಾಯಕ್ಕೆ ಪದಗಳೇ ಇರಲಿಲ್ಲ ಎನ್ನುವುದು ಸುಳ್ಳು. ಪದಗಳಿದ್ದವು, ಆದರೆ ಅವು ಮಾಡಿದವನ ಮನೆಯ ಪದಗಳಾಗಿದ್ದವು. ಜಪಾನೀ ಭಾಷೆಯಲ್ಲಿ ‘ಇತಜುರ’ ಎಂದರೆ ತುಂಟಾಟ, ಮಕ್ಕಳು ಮಾಡುವ ಕೀಟಲೆ. ಹೆಂಗಸರ ಮೇಲೆ, ಹುಡುಗಿಯರ ಮೇಲೆ ಕೈ ಮಾಡಿದ್ದನ್ನೂ ಪತ್ರಿಕೆಗಳು ಇದೇ ಪದದಲ್ಲಿ ಬರೆಯುತ್ತಿದ್ದವು. ನಮ್ಮಲ್ಲಿ ‘ಚುಡಾಯಿಸುವುದು’ ಎನ್ನುತ್ತೇವಲ್ಲ, ಹಾಗೆ. ಚುಡಾಯಿಸಿದವನಿಗೆ ಅದು ಆಟ. ಚುಡಾಯಿಸಿಕೊಂಡವಳಿಗೆ ಏನು ಎಂಬುದು ಆ ಪದದೊಳಗೆ ಇಲ್ಲವೇ ಇಲ್ಲ. ಇನ್ನೊಂದು ಪದ ‘ಇಯಗರಸೆ’. ಬೇಸರ ಬರುವಂತೆ, ಅಸಹ್ಯವಾಗುವಂತೆ ನಡೆದುಕೊಳ್ಳುವುದು ಎಂದರ್ಥ. ಇದು ಸ್ವಲ್ಪ ಹತ್ತಿರದ ಪದ. ಅದಕ್ಕೆ ‘ಲೈಂಗಿಕ’ ಎಂದು ಸೇರಿಸಿ ಹೋರಾಟದ ಹೆಂಗಸರು ಮೊದಲು ಬಳಸಿಯೂ ನೋಡಿದರು. 1988ರಲ್ಲಿ ಟೋಕಿಯೋದ ಪಶ್ಚಿಮಕ್ಕಿರುವ ಸಂತಮ ಪ್ರದೇಶದಲ್ಲಿ ದುಡಿಮೆ ಮತ್ತು ಲಿಂಗತಾರತಮ್ಯದ ಬಗ್ಗೆ ಯೋಚಿಸುತ್ತಿದ್ದ ಒಂದು ಚಿಕ್ಕ ಮಹಿಳಾ ಗುಂಪು ಅಮೆರಿಕದ ಒಂದು ಕೈಪಿಡಿಯನ್ನು ಜಪಾನಿಗೆ ತಂದಾಗ ಅದರ ಹೆಸರಿನಲ್ಲಿ ಇದ್ದದ್ದು ಈ ಜಪಾನೀ ಪದವೇ. ಮುಂದಿನ ವರ್ಷ ಅದೇ ಗುಂಪು ಹತ್ತು ಸಾವಿರ ಹೆಂಗಸರಿಗೆ ಪ್ರಶ್ನಾವಳಿ ಹಂಚಲು ಹೊರಟಿತು. ಉತ್ತರಿಸಿದವರು ಸುಮಾರು 6,500 ಮಂದಿ. ಅವರ ಮಾತುಗಳು 1991ರಲ್ಲಿ ಪುಸ್ತಕವಾದವು. ಯಾವ ಇಲಾಖೆಯೂ ಕೇಳದ ಪ್ರಶ್ನೆಯನ್ನು ಬರಿಗೈಯ ಹೆಂಗಸರು ಕೇಳಿದ್ದರು.

ಹಾಗಾದರೆ ಮನೆಯ ಪದ ಇದ್ದೂ ಹೊರಗಿನ ಪದ ಯಾಕೆ ಗೆದ್ದಿತು? ಜಪಾನಿಗೆ ಇಂಗ್ಲಿಷಿನ ಹುಚ್ಚು, ಅಮೆರಿಕದ ಹುಚ್ಚು ಎಂದು ಹೇಳಿ ಮುಗಿಸಬಹುದು. ಆ ಹುಚ್ಚು ಇದ್ದದ್ದೂ ನಿಜ. ಆದರೆ ನಮಗೆ ಇನ್ನೊಂದು ಕಾರಣ ಕಾಣುತ್ತದೆ. ‘ಇಯಗರಸೆ’ ಎಂಬ ಪದದಲ್ಲಿ ಇಬ್ಬರೇ ಇದ್ದಾರೆ: ಕಾಡುವವನು ಮತ್ತು ಕಾಡಿಸಿಕೊಳ್ಳುವವಳು. ಅದು ಇಬ್ಬರ ನಡುವಿನ ಜಗಳದ ಹಾಗೆ ಕೇಳಿಸುತ್ತದೆ. ಹೊರಗಿನ ಪದ ಬಂದಾಗ ಅದರ ಜೊತೆಗೆ ಕಾನೂನು ಬಂತು, ಮೊಕದ್ದಮೆ ಬಂತು, ದೂರದ ಊರಿನಲ್ಲಿ ಗೆದ್ದವರ ಸುದ್ದಿ ಬಂತು. ಇಬ್ಬರ ನಡುವೆ ಮೂರನೆಯವನಾಗಿ ಕಂಪನಿ ಬಂದು ನಿಂತಿತು. ಮನೆಯ ಭಾಷೆ ತಾಯಿಯ ಭಾಷೆ ಎನ್ನುತ್ತೇವೆ, ನಿಜ. ಆದರೆ ಅದರಲ್ಲೇ ಧಣಿಯ ಬೈಗುಳವೂ ಇದೆ, ಜಗಲಿಕಟ್ಟೆಯ ನಗೆಯೂ ಇದೆ. ಕೆಲವು ಸಲ ನೊಂದವರಿಗೆ ಆ ನಗೆ ಮೆತ್ತಿಕೊಳ್ಳದ ಒಂದು ಪದ ಬೇಕಾಗುತ್ತದೆ.

ಹೆಸರು ಬರುವ ಮೊದಲು ಏನಾಗುತ್ತಿತ್ತು ಎಂಬುದಕ್ಕೆ ಒಂದು ಪ್ರಕರಣ. 1986ರ ಜನವರಿಯಲ್ಲಿ ಚೀಬ ಪ್ರಾಂತ್ಯದ ನಿಶಿ-ಫುನಬಾಶಿ ರೈಲ್ವೆ ನಿಲ್ದಾಣದಲ್ಲಿ ರಾತ್ರಿ ಕುಡಿದ ಗಂಡಸೊಬ್ಬ ಒಬ್ಬ ಹೆಂಗಸಿನ ಮೇಲೆ ಬಿದ್ದು ಕಾಡುತ್ತಿದ್ದ. ಅವಳು ತಳ್ಳಿದಳು. ಅವನು ಹಳಿಯ ಮೇಲೆ ಬಿದ್ದು ರೈಲಿಗೆ ಸಿಕ್ಕಿ ಸತ್ತ. ಅವಳ ಮೇಲೆ ಮೊಕದ್ದಮೆ ಹೂಡಿದರು. ಅವಳು ನರ್ತಕಿ, ಅವನು ಮೇಷ್ಟ್ರು. ಯಾರ ಮಾತಿಗೆ ತೂಕ ಹೆಚ್ಚು ಎಂದು ಊರಿಗೆ ಗೊತ್ತೇ ಇತ್ತು. ಹೆಂಗಸರು ಅವಳ ಬೆನ್ನಿಗೆ ನಿಂತರು. 1987ರಲ್ಲಿ ಚೀಬ ಜಿಲ್ಲಾ ನ್ಯಾಯಾಲಯ ಅದು ಆತ್ಮರಕ್ಷಣೆಯೆಂದು ಒಪ್ಪಿ ಅವಳನ್ನು ಬಿಡುಗಡೆ ಮಾಡಿತು. ‘ಸೆಕುಹರ’ ಎಂಬ ಪದ ಮನೆಮಾತಾಗುವ ಮೊದಲಿನ ಮಾತಿದು. ಅವಳಿಗೆ ಪದದ ಆಸರೆ ಇರಲಿಲ್ಲ, ಜೊತೆಗೆ ನಿಂತ ಜನರ ಆಸರೆ ಮಾತ್ರ ಇತ್ತು.

1989ರ ಆಗಸ್ಟಿನಲ್ಲಿ ಫುಕುಓಕ ನಗರದಲ್ಲಿ ಇನ್ನೊಂದು ಮೊಕದ್ದಮೆ ದಾಖಲಾಯಿತು. ಒಂದು ಸಣ್ಣ ಪ್ರಕಾಶನ ಸಂಸ್ಥೆಯ ಸಂಪಾದಕಿ. ಅವಳ ಮೇಲಿನ ಅಧಿಕಾರಿ ಅವಳ ಮೈ ಮುಟ್ಟಿರಲಿಲ್ಲ. ಅವಳ ನಡತೆ ಸರಿಯಿಲ್ಲ, ಗಂಡಸರ ಸಹವಾಸ ಜಾಸ್ತಿ ಎಂದು ಕಚೇರಿಯ ಒಳಗೂ ಹೊರಗೂ ಮಾತು ಹರಡುತ್ತಿದ್ದ. ಕಂಪನಿ ಇದು ನಿಮ್ಮಿಬ್ಬರ ಜಗಳ ಎಂದು ಬಗೆಯಿತು, ಕೊನೆಗೆ ಅವಳೇ ಕೆಲಸ ಬಿಡುವ ಹಾಗೆ ಮಾಡಿತು. ಹೆಣ್ಣಿನ ನಡತೆಯ ಮೇಲೆ ನಾಲಿಗೆ ಹರಿಯಬಿಡುವುದು ಎಷ್ಟು ಹಳೆಯ ಆಯುಧ ಎಂಬುದು ನಮ್ಮ ಊರುಗಳಲ್ಲಿ ಬೆಳೆದ ಯಾರಿಗೂ ಗೊತ್ತು. 1992ರ ಏಪ್ರಿಲ್ 16ರಂದು ಫುಕುಓಕ ಜಿಲ್ಲಾ ನ್ಯಾಯಾಲಯ ಆ ಅಧಿಕಾರಿಯನ್ನೂ ಕಂಪನಿಯನ್ನೂ ಹೊಣೆ ಮಾಡಿ 16 ಲಕ್ಷ 50 ಸಾವಿರ ಯೆನ್ ಪರಿಹಾರ ಕೊಡಲು ಹೇಳಿತು. ಹಣ ದೊಡ್ಡದಲ್ಲ. ‘ವೈಯಕ್ತಿಕ ಕಾರಣ’ ಎಂಬ ಹಳೆಯ ಪರದೆಯನ್ನು ಜಪಾನಿನ ನ್ಯಾಯಾಲಯವೊಂದು ಹರಿದದ್ದು ದೊಡ್ಡದು.

ಆದರೆ ತೀರ್ಪು ಬರುವ ಮೂರು ವರ್ಷ ಮೊದಲೇ ಪೇಟೆ ಈ ಪದವನ್ನು ಎತ್ತಿಕೊಂಡುಬಿಟ್ಟಿತ್ತು. ಜಪಾನಿನಲ್ಲಿ ಪ್ರತಿವರ್ಷ ಹೊಸ ಪದಗಳಿಗೆ ಬಹುಮಾನ ಕೊಡುತ್ತಾರೆ. 1989ರಲ್ಲಿ ಹೊಸ ಪದದ ಚಿನ್ನದ ಬಹುಮಾನ ‘ಸೆಕುಶುಆರು ಹರಸುಮೆಂತೊ’ಗೆ ಬಂತು. ಬಹುಮಾನ ತೆಗೆದುಕೊಂಡವರು ನಿಶಿ-ಫುನಬಾಶಿ ಮೊಕದ್ದಮೆಯಲ್ಲಿ ಆ ಹೆಂಗಸಿನ ಪರ ವಾದಿಸಿದ್ದ ವಕೀಲೆ ಕವಮೊತೊ ಕಜುಕೊ. ಅದೇ ಹೊತ್ತಿಗೆ ಗಂಡಸರ ವಾರಪತ್ರಿಕೆಗಳು ಈ ಪದವನ್ನು ನಗೆಯ ಸರಕು ಮಾಡಿಕೊಂಡವು. “ಇನ್ನು ಮೇಲೆ ಹೆಂಗಸರ ಕಡೆ ನೋಡಿದರೂ ಸೆಕುಹರವಂತೆ!” ಎಂಬ ಧಾಟಿ. ಉದ್ದದ ಪದ ನಾಲ್ಕು ಅಕ್ಷರದ ಚುಟುಕಾಯಿತು. ಚುಟುಕಾದದ್ದರಿಂದ ಬಡವರ ಬಾಯಿಗೂ ಎಟುಕಿತು ಎಂಬುದು ನಿಜ. ಅದೇ ಚುಟುಕು ಕುಡಿತದ ಮೇಜಿನ ತಮಾಷೆಗೂ ಒದಗಿತು.

ಪದಗಳು ಹೀಗೆ ಹಗುರವಾಗುವುದನ್ನು ಜಪಾನ್ ಮೊದಲೂ ಕಂಡಿದೆ. ಫ್ರೆಂಚಿನ ‘ಸಾಬೊತಾಜ್’ ಎಂಬ ಪದ ಅಲ್ಲಿಗೆ ಬಂದದ್ದು ಕಾರ್ಮಿಕರ ಆಯುಧವಾಗಿ. 1919ರಲ್ಲಿ ಕೋಬೆ ನಗರದ ಕವಾಸಾಕಿ ಹಡಗು ಕಾರ್ಖಾನೆಯ ಸಾವಿರಾರು ಕಾರ್ಮಿಕರು ಯಂತ್ರದ ಮುಂದೆ ನಿಂತೇ ಕೆಲಸವನ್ನು ನಿಧಾನ ಮಾಡಿದರು, ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನು ಪಡೆದರು. ಆ ಪದಕ್ಕೆ ಜಪಾನೀ ಬಾಲ ಅಂಟಿಸಿ ‘ಸಬೊರು’ ಎಂಬ ಕ್ರಿಯಾಪದ ಮಾಡಿಕೊಂಡರು. ಇವತ್ತು ‘ಸಬೊರು’ ಎಂದರೆ ಏನು? ಹುಡುಗರು ಕ್ಲಾಸಿಗೆ ಚಕ್ಕರ್ ಹೊಡೆಯುವುದು, ಕೆಲಸಗಳ್ಳತನ ಮಾಡುವುದು! ಎಂಟು ಗಂಟೆಯ ಹಕ್ಕು ಗೆದ್ದುಕೊಟ್ಟ ಪದವನ್ನು ಸೋಮಾರಿಯ ಹಣೆಗೆ ಅಂಟಿಸಿದರು. ಪದವನ್ನು ಹೊತ್ತು ತಂದವರನ್ನು ಮರೆತರೆ ಪದ ಯಾರ ಕೈಗೆ ಬೇಕಾದರೂ ಹೋಗುತ್ತದೆ.

‘ಸೆಕುಹರ’ದ ಮುಂದಿನ ದಾರಿಯೂ ನೇರವಾಗಿಲ್ಲ. 1997ರಲ್ಲಿ ಜಪಾನ್ ತನ್ನ ಸಮಾನ ಉದ್ಯೋಗಾವಕಾಶದ ಕಾನೂನನ್ನು ತಿದ್ದಿತು. 1999ರ ಏಪ್ರಿಲಿನಿಂದ ಇದನ್ನು ತಡೆಯಲು ಮಾಲೀಕರು ‘ಗಮನ ಕೊಡಬೇಕು’ ಎಂದಾಯಿತು. 2007ರಿಂದ ‘ಕ್ರಮ ತೆಗೆದುಕೊಳ್ಳಬೇಕು’ ಎಂದಾಯಿತು. 2001ರಲ್ಲಿ ಒಕಾದ ಯಾಸುಕೊ ಎಂಬ ಸಲಹೆಗಾರ್ತಿ ‘ಪವಹರ’ ಎಂಬ ಇನ್ನೊಂದು ಪದ ಕಟ್ಟಿದರು: ಅಧಿಕಾರದ ಬಲದಿಂದ ಕೈಕೆಳಗಿನವರನ್ನು ಹಿಂಸಿಸುವುದು. ಇದರ ಎರಡೂ ತುಂಡು ಇಂಗ್ಲಿಷಿನವು, ಪದ ಮಾತ್ರ ಜಪಾನಿನಲ್ಲೇ ಹುಟ್ಟಿದ್ದು. ಇದಕ್ಕೂ 2019ರಲ್ಲಿ ಕಾನೂನು ಬಂತು. 2024ರಲ್ಲಿ ಟೋಕಿಯೋ ನಗರಾಡಳಿತ ಗಿರಾಕಿಗಳು ಅಂಗಡಿಯ ಕೆಲಸಗಾರರನ್ನು ಹಿಂಸಿಸುವುದರ ವಿರುದ್ಧ, ಅಂದರೆ ‘ಕಸುಹರ’ದ ವಿರುದ್ಧ, ನಿಯಮ ಮಾಡಿತು. ನಮ್ಮ ಹಳ್ಳಿಯ ಕಿವಿಗೆ ‘ಹರ’ ಅಂದರೆ ಶಿವ. ಅಲ್ಲಿ ಅದೊಂದು ಕತ್ತರಿಸಿದ ಬಾಲ, ಆದರೆ ಆ ಬಾಲ ಈಗ ಯಾವ ದಬ್ಬಾಳಿಕೆಯ ಹಿಂದೆಯೂ ಅಂಟಿಕೊಳ್ಳಬಲ್ಲದು. ಜೊತೆಗೆ ಶಬ್ದ ಮಾಡಿ ನೂಡಲ್ಸ್ ತಿನ್ನುವುದೂ ಒಂದು ‘ಹರ’ ಎಂಬ ಗೇಲಿಯೂ ಹುಟ್ಟಿದೆ.

2018ರಲ್ಲಿ ಹಣಕಾಸು ಸಚಿವಾಲಯದ ಅತಿ ಹಿರಿಯ ಅಧಿಕಾರಿಯೊಬ್ಬರ ಮೇಲೆ ಪತ್ರಕರ್ತೆಯೊಬ್ಬರನ್ನು ಹೀಗೆ ಕಾಡಿದ ಆರೋಪ ಬಂದು ಅವರು ರಾಜೀನಾಮೆ ಕೊಡಬೇಕಾಯಿತು. ಆಗ ಹಣಕಾಸು ಮಂತ್ರಿ ಅಸೊ ತಾರೊ ‘ಸೆಕುಹರ’ ಎಂಬ ಹೆಸರಿನ ಅಪರಾಧ ಕಾನೂನಿನಲ್ಲಿ ಇಲ್ಲ ಎಂದರು. ಸರ್ಕಾರವೂ ಅದನ್ನೇ ಲಿಖಿತವಾಗಿ ಎತ್ತಿಹಿಡಿಯಿತು. ಗಮನಿಸಿ: 1974ರಲ್ಲಿ ಹೆಸರಿಲ್ಲ ಎಂಬ ಕಾರಣಕ್ಕೆ ಅರ್ಜಿ ತಳ್ಳಿದರು. ಹೆಸರು ಹುಟ್ಟಿ 43 ವರ್ಷವಾದ ಮೇಲೆ, ಹೆಸರಿದೆ, ಆದರೆ ಆ ಹೆಸರಿನ ಅಪರಾಧ ಇಲ್ಲ ಎಂದರು. ಮೇಲಿನವರು ಸುಲಭವಾಗಿ ಸೋಲುವುದಿಲ್ಲ. ಒಂದು ಬಾಗಿಲು ಮುರಿದರೆ ಹಿಂದೆ ಇನ್ನೊಂದು ಬಾಗಿಲು ಇಟ್ಟಿರುತ್ತಾರೆ.

ಹೆಸರಿನ ಈ ಆಟವನ್ನು ಜಪಾನಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿನ ಬುರಾಕು ಜನ. ಚರ್ಮದ ಕೆಲಸ, ಸತ್ತ ದನದ ಕೆಲಸ ಮಾಡಿದ ಕಾರಣಕ್ಕೆ ತಲೆತಲಾಂತರದಿಂದ ಮೈಲಿಗೆಯವರೆಂದು ಊರ ಹೊರಗೆ ಇಡಲ್ಪಟ್ಟವರು. 1871ರಲ್ಲಿ ಸರ್ಕಾರ ಒಂದು ಆಜ್ಞೆ ಹೊರಡಿಸಿ ಅವರ ಹಳೆಯ ಹೀನ ಹೆಸರುಗಳನ್ನು ರದ್ದು ಮಾಡಿ ಎಲ್ಲರಂತೆ ಸಾಮಾನ್ಯ ಪ್ರಜೆಗಳು ಎಂದಿತು. ಊರು ಏನು ಮಾಡಿತು? ‘ಶಿನ್‌ಹೇಮಿನ್’ ಎಂದು ಕರೆಯಿತು. ಅಂದರೆ ‘ಹೊಸ ಪ್ರಜೆ’. ಹೊಸ ಎಂಬ ಒಂದು ಪದದೊಳಗೆ ಹಳೆಯ ಮೈಲಿಗೆಯೆಲ್ಲ ಬಂದು ಕೂತಿತು. 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಆ ಜನ ತಾವೇ ಸೇರಿ ‘ಸುಯ್‌ಹೇಶ’ ಎಂಬ ಸಂಘ ಕಟ್ಟಿದರು. ‘ಸುಯ್‌ಹೇ’ ಎಂದರೆ ನೀರಿನ ಮಟ್ಟದ ಹಾಗೆ ಸಮನಾದದ್ದು. ಯಾರೂ ಕರುಣೆಯಿಂದ ಕೊಡದ, ತಾವೇ ಇಟ್ಟುಕೊಂಡ ಹೆಸರು. ಹರಿಜನ ಎಂದು ಕರೆಸಿಕೊಂಡು, ಆಮೇಲೆ ನಾವು ದಲಿತರು ಎಂದು ತಲೆಯೆತ್ತಿದವರಿಗೆ ಈ ಎರಡು ಹೆಸರುಗಳ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಇಲ್ಲಿಗೆ ನಮ್ಮ ಮೊದಲಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ‘ಶಿನ್‌ಹೇಮಿನ್’ ಅಲ್ಲಿ ಎಲ್ಲರಿಗೂ ಮನೆಯ ಪದವೇ, ಆದರೆ ಮೇಲಿನಿಂದ ಬಿದ್ದದ್ದು. ‘ಸೆಕುಹರ’ ಪರದೇಶದ ಪದ, ಆದರೆ ಕೆಳಗಿನಿಂದ ಎದ್ದದ್ದು. ಒಂದು ಪದವನ್ನು ತೂಗುವಾಗ ಅದು ಸ್ವದೇಶದ್ದೋ ವಿದೇಶದ್ದೋ ಎಂದು ಕೇಳುವುದಕ್ಕಿಂತ ಮೊದಲು ಅದು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂದು ಕೇಳಬೇಕು. ಅಷ್ಟಕ್ಕೇ ಬಿಡುವಂತೆಯೂ ಇಲ್ಲ. ಕೆಳಗಿನಿಂದ ಎದ್ದ ಪದವನ್ನೂ ಮೇಲಿನವರು ಎತ್ತಿಕೊಂಡು ಹೋಗಿ ಕಂಪನಿಯ ತರಬೇತಿಯ ಹಾಳೆ ಮಾಡುತ್ತಾರೆ, ವರ್ಷಕ್ಕೊಮ್ಮೆ ಸಹಿ ಹಾಕಿಸುತ್ತಾರೆ. ಆದ್ದರಿಂದ ಇನ್ನೊಂದು ಪ್ರಶ್ನೆಯನ್ನು ಕೇಳುತ್ತಲೇ ಇರಬೇಕು: ಇವತ್ತು ಈ ಪದ ಯಾರನ್ನು ಒಳಗೆ ಬಿಟ್ಟುಕೊಂಡಿದೆ, ಯಾರನ್ನು ಹೊರಗೆ ನಿಲ್ಲಿಸಿದೆ? ಜಪಾನಿನಲ್ಲಿ ಬುರಾಕು ಹೆಂಗಸರು, ಐನು ಹೆಂಗಸರು, ಅಲ್ಲಿ ನೆಲೆಸಿದ ಕೊರಿಯಾ ಮೂಲದ ಹೆಂಗಸರು ಸರ್ಕಾರದ ಅಂಕಿ ಅಂಶಗಳಲ್ಲಿ ತಾವು ಕಾಣಿಸುತ್ತಲೇ ಇಲ್ಲ ಎಂದು 2000ರ ದಶಕದ ಮಧ್ಯದಲ್ಲಿ ತಮ್ಮ ಸಮೀಕ್ಷೆಯನ್ನು ತಾವೇ ನಡೆಸಿಕೊಂಡರು. ಹೆಣ್ಣು ಎಂದಾಗ ಕುಲ ಮರೆಯುತ್ತಾರೆ, ಕುಲ ಎಂದಾಗ ಹೆಣ್ಣನ್ನು ಮರೆಯುತ್ತಾರೆ ಎಂಬುದು ಅವರ ದೂರಿನ ಸಾರ.

ಇದೇ ಇಂಗ್ಲಿಷ್ ಪದ ನಮ್ಮ ದೇಶಕ್ಕೂ ಬಂತು. ಅದರ ಬೆಲೆಯನ್ನೂ ಒಬ್ಬ ಕೆಳಗಿನ ಹೆಂಗಸೇ ತೆತ್ತಳು. ರಾಜಸ್ಥಾನದ ಭಟೇರಿಯ ಕುಂಬಾರ ಜಾತಿಯ ಭಂವರಿ ದೇವಿ ಸರ್ಕಾರದ ಮಹಿಳಾ ಯೋಜನೆಯ ಕೆಲಸಗಾರ್ತಿಯಾಗಿ ಬಾಲ್ಯವಿವಾಹವನ್ನು ತಡೆಯಲು ಹೋದದ್ದಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದಳು. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಆ ಪ್ರಕರಣದ ಬೆನ್ನಿಗೆ ಮಹಿಳಾ ಸಂಘಟನೆಗಳು ಹಾಕಿದ ಅರ್ಜಿಯ ಮೇಲೆ 1997ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿಶಾಖಾ ತೀರ್ಪು ಕೊಟ್ಟಿತು. ಜಪಾನ್ ಕಾನೂನು ತಿದ್ದಿದ ವರ್ಷವೇ ಅದು. 2013ರಲ್ಲಿ ಇಲ್ಲಿಯೂ ಕಾನೂನು ಬಂತು. ಕನ್ನಡದಲ್ಲಿ ಅದನ್ನು ‘ಲೈಂಗಿಕ ಕಿರುಕುಳ’ ಎಂದೆವು. ಜಪಾನೀಯರು ಪದವನ್ನೇ ತಂದುಕೊಂಡರು, ನಾವು ಅನುವಾದ ಮಾಡಿಕೊಂಡೆವು. ‘ಕಿರುಕುಳ’ ಎಂಬುದರೊಳಗೆ ‘ಕಿರು’ ಕೂತಿದೆ. ಸಣ್ಣದು. ಹೊಲದ ಬದುವಿನಲ್ಲಿ, ಇಟ್ಟಿಗೆಗೂಡಿನಲ್ಲಿ, ಧಣಿಯ ಹಿತ್ತಲಿನಲ್ಲಿ ಕೂಲಿಯ ಹೆಣ್ಣು ಅನುಭವಿಸುವುದು ಸಣ್ಣದೆ? ಅವಳಿಗೆ ‘ಕಚೇರಿಯ ದೂರು ಸಮಿತಿ’ ಎಲ್ಲಿದೆ? ಅಂಥವಳಿಗಾಗಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕೆಂದು ಕಾನೂನಿನಲ್ಲಿದೆ. ಆ ಸಮಿತಿ ಯಾವ ಕಟ್ಟಡದಲ್ಲಿ ಕೂರುತ್ತದೆ ಎಂದು ನಮ್ಮ ಕೇರಿಯಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರು, ಹಾಸ್ಟೆಲುಗಳಲ್ಲಿ ಓದುವ ಹುಡುಗ ಹುಡುಗಿಯರು ಈ ಪತ್ರಿಕೆಯನ್ನು ಓದುತ್ತಾರೆ. ಅವರಲ್ಲಿ ನಮ್ಮ ಕೇಳಿಕೆ ಇಷ್ಟು. ಒಂದು ಪದವನ್ನು ಮಕ್ಕಳಿಗೆ ಹೇಳಿಕೊಡುವಾಗ ಅದರ ಅರ್ಥ ಹೇಳಿ ನಿಲ್ಲಿಸಬೇಡಿ. ಅದನ್ನು ಮೊದಲು ಆಡಿದವರು ಯಾರು, ಆಡಿದ್ದಕ್ಕೆ ಏನು ಕಳೆದುಕೊಂಡರು ಎಂಬುದನ್ನೂ ಹೇಳಿ. ಇಥಾಕದ ಕಾರ್ಮಿಟಾ ವುಡ್‌ಗೆ ಆ ಭತ್ಯೆ ಕೊನೆಗೂ ಸಿಗಲಿಲ್ಲ. ಅವಳ ಬಾಯಿಂದ ಶುರುವಾದ ಮಾತು ಮಾತ್ರ ಸಮುದ್ರ ದಾಟಿ ಫುಕುಓಕದ ಒಬ್ಬ ಹೆಂಗಸಿಗೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಧೈರ್ಯ ಕೊಟ್ಟಿತು. ಪದವನ್ನು ಕಡ ತರುವುದರಲ್ಲಿ ನಾಚಿಕೆಯೇನಿಲ್ಲ. ಕಡ ಕೊಟ್ಟವರ ಹೆಸರನ್ನು ಮರೆತರೆ ನಾಚಿಕೆ. ಇಟ್ಟಿಗೆಗೂಡಿನ ಹೆಣ್ಣುಮಗಳು ತನಗಾದದ್ದಕ್ಕೆ ತನ್ನದೇ ಮಾತಿನಲ್ಲಿ ಹೆಸರು ಹಿಡಿದು ಹೇಳುವ ದಿನ ಬಂದಾಗ, ಅದು ಯಾವ ಭಾಷೆಯದು, ಶುದ್ಧವಾಗಿದೆಯೆ, ನಿಘಂಟಿನಲ್ಲಿದೆಯೆ ಎಂದು ಕೇಳುವವರ ಸಾಲಿನಲ್ಲಿ ನಾವು ನಿಂತಿರಬಾರದು. ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವವರ ಸಾಲಿನಲ್ಲಿ ಇರಬೇಕು.